ಲುವಾ–ಸಿ ಮಾಡ್ಯೂಲ್: 25,600 ಕೆಜಿ ಬಂದಾಗ ಹಿಂದಿನ ಲಾರಿ ತೂಕ ಯಾಕ ಬರ್ತೈತಿ?

ಕಾರಟಗಿ ಕಾಟಾ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ್ರೀ. ಕಾರಟಗಿ ಕಡೆ ಒಂದು ರೈಸ್‌ಮಿಲ್ಲಿನ ಕಾಟಾಕ್ಕ ತೂಕದ ಚೀಟಿ ಹೊಡಿಯೋ ಪ್ರೋಗ್ರಾಂ ನಾನ ಬರದೀನಿ, ನಾನ ನೋಡಿಕೊಳ್ತೀನಿ. ಈಗ ನೆಲ್ಲಿನ ಸುಗ್ಗಿ, ದಿನಕ್ಕ 120–130 ಸಲ ತೂಕ ಆಗ್ತೈತಿ. ಅದರಾಗ ದಿನಕ್ಕ ಒಂದೋ ಎರಡೋ ಚೀಟಿ ತಪ್ಪು ಬೀಳಾಕತ್ತಾವ. ತಪ್ಪು ಅಂದ್ರ ಹೆಚ್ಚುಕಮ್ಮಿ ಅಲ್ಲ, ಹಿಂದಿನ ಗಾಡಿ ತೂಕನ ಮತ್ತ ಬರ್ತೈತಿ.

ಇವತ್ತು ಮಧ್ಯಾಹ್ನ ಒಬ್ಬ ರೈತರ ಲಾರಿ ಕಾಟಾ ಮ್ಯಾಲ ನಿಂತಿತ್ತು. ಇಂಡಿಕೇಟರ್‌ನಾಗ ಕೆಂಪು ಅಂಕಿ 25600, ಚೀಟಿಯಾಗ 23780. ಅವರು ಚೀಟಿ ಕೈಯಾಗ ಹಿಡಕೊಂಡು ಕಿಟಕಿ ಹತ್ರ ಬಂದು, "ತಮ್ಮಾ, ಅಲ್ಲಿ ನೋಡು, ಇಲ್ಲಿ ನೋಡು" ಅಂದ್ರು. 1,820 ಕೆಜಿ ಫರಕು. 75 ಕೆಜಿ ಚೀಲದ ಲೆಕ್ಕದಾಗ 24 ಚೀಲ ಮಿಕ್ಕಿ. ಕೈಯಿಂದ ಬರದು ಚೀಟಿ ಸರಿ ಮಾಡಿಕೊಟ್ವಿ. ಆದ್ರ ಅವರು ನೋಡದ ಇದ್ದಿದ್ರ? ಅದನ್ನ ನೆನಸಿಕೊಂಡು ಊಟ ಸೇರಲಿಲ್ಲ.

ನನ್ನ ಸೆಟಪ್ ಹಿಂಗೈತಿ. ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್, ಯುಎಸ್‌ಬಿ ಅಡಾಪ್ಟರ್, ಲಿನಕ್ಸ್ ಹಾಕಿರೋ ಹಳೇ ಡೆಸ್ಕ್‌ಟಾಪ್. ನಾವು 5 ಅಂತ ಒಂದು ಬೈಟು ಕಳಿಸಿದ್ರ ಇಂಡಿಕೇಟರ್ 7 ಬೈಟು ತಿರುಗಿ ಕಳಿಸ್ತೈತಿ: ಶುರುವಿನ ಗುರುತು 2, ಮಷೀನ್ ನಂಬರು 1, ಸ್ಟೇಟಸ್ (ತೂಕ ನಿಂತಿದ್ರ 64), ತೂಕದ ಕೆಳಗಿನ ಬೈಟು, ಮ್ಯಾಲಿನ ಬೈಟು, ಚೆಕ್‌ಸಮ್, ಕೊನೀ ಗುರುತು 3. ಚೆಕ್‌ಸಮ್ ಅಂದ್ರ ನಡುವಿನ ನಾಲ್ಕು ಬೈಟಿನ ಎಕ್ಸಾರ್ (ಬಿಟ್ಟಿಗೆ ಬಿಟ್ಟು ಹಚ್ಚಿ, ಬ್ಯಾರೆ ಇದ್ರ 1, ಒಂದ ಇದ್ರ 0), ಬೈಟು ಸರಿ ಬಂದಾವೋ ಇಲ್ಲೋ ನೋಡಾಕ. ಕಾಟಾ 10 ಕೆಜಿ ಮೆಟ್ಟಿಲಿಂದು.

ಪೋರ್ಟ್ ಓದೋದು ಸಣ್ಣದೊಂದು ಸಿ ಮಾಡ್ಯೂಲ್, ಉಳಿದದ್ದೆಲ್ಲಾ ಲುವಾ 5.3, ಸಿ ಜೋಡಿ ಹೊಂದಿಕೊಳ್ಳೋ ಸಣ್ಣ ಪ್ರೋಗ್ರಾಮಿಂಗ್ ಭಾಷಾ. ಸಿ ಒಳಗ 64 ಬೈಟಿನ ಬಫರ್ (ಬಂದ ಬೈಟು ಇಡೋ ಮೆಮೊರಿ ಜಾಗ) ಸೊನ್ನೆ ತುಂಬಿ ಇಟ್ಟೀನಿ, ರೀಡ್ ಮಾಡ್ತೀನಿ, ಲುವಾ_ಪುಶ್‌ಸ್ಟ್ರಿಂಗ್ ಹಚ್ಚಿ ಲುವಾಕ್ಕ ಕೊಡ್ತೀನಿ. ಲುವಾದಾಗ ಉದ್ದ 7 ಇಲ್ಲಂದ್ರ ಅಥವಾ ಚೆಕ್‌ಸಮ್ ಕೂಡಲಿಲ್ಲಂದ್ರ ಹಳೇ ತೂಕನ ಇಟ್ಕೋ ಅಂತ ಬರದೀನಿ. ಕೇಬಲ್ ಅಲುಗಾಡಿದಾಗ ಪರದಿ ಮ್ಯಾಲ ಅಂಕಿ ಕುಣೀಬಾರದು ಅಂತ ಹಂಗ ಮಾಡಿದ್ದೆ.

ಎರಡು ಸಲ ಕೇಬಲ್ ಬದಲಿಸೀನಿ. ಎಲ್ಲಿ ನೋಡಬೇಕು ಹೇಳ್ರಿ.

ಸಿರುಗುಪ್ಪ ಸಿ · ಸೋಮವಾರ ರಾತ್ರಿ 10:15

ಕೇಬಲ್ ಬಿಡಿ, ಕೇಬಲ್ ತಪ್ಪು ಮಾಡಿದ್ರೆ ಯಾವಾಗ ಬೇಕಾದ್ರೂ ಮಾಡುತ್ತೆ. ಎರಡು ವಿಷಯ ಬೇಕು. ಒಂದು, ತಪ್ಪು ಬಿದ್ದಾಗ ಇಂಡಿಕೇಟರ್‌ನಲ್ಲಿ ನಿಜವಾಗಿ ಇದ್ದ ತೂಕಗಳ ಪಟ್ಟಿ. ಎರಡು, ಪ್ರೋಗ್ರಾಂಗೆ ಸ್ಟ್ರೇಸ್ (ಪ್ರೋಗ್ರಾಂ ಲಿನಕ್ಸ್‌ಗೆ ಮಾಡೋ ಕರೆಗಳನ್ನ ಬರೆದು ತೋರಿಸೋ ಸಾಧನ) ಹಚ್ಚಿ ಆ ಹೊತ್ತಿನ ರೀಡ್ ಸಾಲು ಹಾಕಿ. ಬೈಟುಗಳನ್ನ ದಶಮಾಂಶದಲ್ಲೇ ಬರೀರಿ, ಎಲ್ಲರಿಗೂ ಲೆಕ್ಕ ಹಿಡಿಯೋಕೆ ಸುಲಭ.

ಕಾರಟಗಿ ಕಾಟಾ · ಮಂಗಳವಾರ ರಾತ್ರಿ 8:55

ಕಾಟಾ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು, ತಪ್ಪು ಬಿದ್ದಾಗೆಲ್ಲಾ ಕೆಂಪು ಅಂಕಿ ಬರಕೋ ಅಂದಿದ್ದೆ. ಅವನು ಮೊದಲಿಂದಾನೂ ಕೆಲವು ಬರದಿಟ್ಟಿದ್ದ. ಪಟ್ಟಿ: 25600, 14080, 21760, 16640, 19210, 23050. ಇವತ್ತು ಮತ್ತ ಒಂದು 14080.

ಸ್ಟ್ರೇಸ್ ಎರಡು ಸಿಕ್ಕಾವ. ತಪ್ಪು ತೂಕ ಬರೋ ಲಾರಿ ಯಾವಾಗ ಬರ್ತೈತಿ ಅಂತ ಕಾಯೋದು ಬ್ಯಾಡ ಅಂತ, ಕಾಟಾ ಮ್ಯಾಲ ಲಾರಿ ನಿಲ್ಲಿಸಿ ಹಮಾಲರ ಕಡೆಯಿಂದ ಚೀಲ ಏರಿಸಿ ಇಳಿಸಿ ಬೇಕಾದ ಅಂಕಿ ತಂದೆ.

25600 ಇದ್ದಾಗ ಬಂದ ಬೈಟು: 2, 1, 64, 0, 100, 37, 3. ರೀಡ್ ಕೊಟ್ಟ ಉತ್ತರ (ಬಂದ ಬೈಟಿನ ಎಣಿಕಿ) 7.
23050 ಇದ್ದಾಗ ಬಂದದ್ದು: 2, 1, 64, 10, 90, 3. ಉತ್ತರ 6.

ಸಿರುಗುಪ್ಪ ಸಿ · ಮಂಗಳವಾರ ರಾತ್ರಿ 9:30

ಮೊದಲನೇದು ಸಿಕ್ತು.

25600 ಅಂದ್ರೆ 256 × 100. ನಿಮ್ಮ ತೂಕ ಎರಡು ಬೈಟಲ್ಲಿ ಬರುತ್ತೆ, ಕೆಳಗಿನ ಬೈಟು ಸೊನ್ನೆ, ಮೇಲಿನದು 100. ನಾಲ್ಕನೇ ಜಾಗದಲ್ಲಿ ಆ ಸೊನ್ನೆ ಕೂತಿದೆ ನೋಡಿ. 14080 ಅಂದ್ರೆ 256 × 55. 21760 ಅಂದ್ರೆ 256 × 85. 16640 ಅಂದ್ರೆ 256 × 65. ನಾಲ್ಕೂ 256ರ ಗುಣಕ.

ಲುವಾ_ಪುಶ್‌ಸ್ಟ್ರಿಂಗ್ ಸಿ ಭಾಷೆಯ ಮಾಮೂಲಿ ಸ್ಟ್ರಿಂಗನ್ನ ತಗೊಳ್ಳುತ್ತೆ. ಅದಕ್ಕೆ ಉದ್ದ ಹೇಳೋಕೆ ಜಾಗನೇ ಇಲ್ಲ, ಮೊದಲ ಸೊನ್ನೆ ಬೈಟು ಸಿಕ್ಕಲ್ಲಿಗೆ ಸ್ಟ್ರಿಂಗ್ ಮುಗೀತು ಅಂತ ತಿಳ್ಕೊಳ್ಳುತ್ತೆ. ಕರ್ನೆಲ್, ಅಂದ್ರೆ ಲಿನಕ್ಸ್‌ನ ತಿರುಳು, ನಿಮಗೆ 7 ಬೈಟು ಸರಿಯಾಗಿ ಕೊಟ್ಟಿದೆ. ನೀವು ಲುವಾಗೆ ದಾಟಿಸಿದ್ದು 2, 1, 64 ಅಷ್ಟೇ. ಲುವಾದಲ್ಲಿ ಉದ್ದ 3, ನಿಮ್ಮ ನಿಯಮದ ಪ್ರಕಾರ ಹಳೇ ತೂಕ, ಅದೇ ಚೀಟಿ ಮೇಲೆ.

ದಿನಕ್ಕೆ ಒಂದು ಅಂತ ಹೇಳಿದ್ರಲ್ಲ, ಅದೂ ಲೆಕ್ಕಕ್ಕೆ ಕೂಡುತ್ತೆ. ಕಾಟಾ 10 ಕೆಜಿ ಮೆಟ್ಟಿಲಲ್ಲಿ ಏರುತ್ತೆ. 10ರ ಗುಣಕವೂ ಆಗಿ 256ರ ಗುಣಕವೂ ಆಗಬೇಕಂದ್ರೆ 1280ರ ಗುಣಕ ಆಗಬೇಕು. ಅಂದ್ರೆ ಪ್ರತಿ 128 ಮೆಟ್ಟಿಲಿಗೆ ಒಂದು. ದಿನಕ್ಕೆ 120–130 ತೂಕ, ಸರಾಸರಿ ಒಂದು ತಪ್ಪು. ಕೇಬಲ್ ಆಗಿದ್ರೆ ಇಷ್ಟು ಲೆಕ್ಕ ಇಟ್ಟು ತಪ್ಪು ಮಾಡ್ತಿರಲಿಲ್ಲ.

ಮದ್ದು: ಲುವಾ_ಪುಶ್‌ಎಲ್‌ಸ್ಟ್ರಿಂಗ್. ಅದಕ್ಕೆ ಬಫರ್ ಜೊತೆ ಉದ್ದವನ್ನೂ ಕೊಡಬೇಕು. ಹೇಳಿದಷ್ಟು ಬೈಟನ್ನ ಹಂಗೇ ಎತ್ತಿಟ್ಕೊಳ್ಳುತ್ತೆ, ಒಳಗೆ ಸೊನ್ನೆ ಎಷ್ಟಿದ್ರೂ ಕೇಳೋದಿಲ್ಲ.

ಇನ್ನೊಂದು. ನೀವು ಬಫರ್‌ಗೆ ಸೊನ್ನೆ ತುಂಬಿ ಇಟ್ಟಿದ್ದಕ್ಕೇ ಉಳಿದ ತೂಕಗಳು ಸರಿ ಬರ್ತಿದ್ವು. ಏಳು ಬೈಟಿನ ಬಫರ್ ಇಟ್ಟಿದ್ರೆ, ಒಳಗೆ ಸೊನ್ನೆ ಇಲ್ಲದ ಫ್ರೇಮ್ (ಆ ಏಳು ಬೈಟಿನ ಕಂತೆ) ಬಂದಾಗ ಅದು ಬಫರ್ ದಾಟಿ ಪಕ್ಕದ ಮೆಮೊರಿ ಓದ್ಕೊಂಡು ಹೋಗ್ತಿತ್ತು.

19210, 23050 ಇವೆರಡು ನನಗೆ ಹೊಂದ್ತಾ ಇಲ್ಲ. 256ರ ಗುಣಕ ಅಲ್ಲ.

ರಾಯಚೂರು ಹತ್ತಿಗಂಟು · ಮಂಗಳವಾರ ರಾತ್ರಿ 10:05

19210 ನಾ ಹೇಳ್ತೀನ್ರಿ. 256 × 75 + 10. ಕೆಳಗಿನ ಬೈಟು 10, ಮ್ಯಾಲಿನದು 75, ಎರಡರಾಗೂ ಸೊನ್ನೆ ಇಲ್ಲ ಖರೆ. ಈಗ ಚೆಕ್‌ಸಮ್ ಮಾಡಿ ನೋಡ್ರಿ. 1 ಎಕ್ಸಾರ್ 64 ಅಂದ್ರ 65. ಅದಕ್ಕ 10 ಎಕ್ಸಾರ್ ಮಾಡಿದ್ರ 75. ಅದಕ್ಕ 75 ಎಕ್ಸಾರ್ ಮಾಡಿದ್ರ ಸೊನ್ನೆ! ಚೆಕ್‌ಸಮ್ ಬೈಟೇ ಸೊನ್ನೆ ಆಗ್ಯದ. ಫ್ರೇಮ್ ಐದನೇ ಬೈಟಿಗೆ ಕತ್ತರಿಸಿ ಹೋಗ್ತದ. ರೋಗ ಅದೇ, ಜಾಗ ಬ್ಯಾರೆ.

ಈ ರೋಗ ಲುವಾಕ್ಕ ಒಂದಕ್ಕೇ ಅಂತ ತಿಳಿಬ್ಯಾಡ್ರಿ. ನಾ ಪೈಥಾನ್‌ನಾಗ ಇದ್ರ ಕೈಯಾಗ ಸಿಕ್ಕು ಒಂದು ವಾರ ಕಳದೀನಿ. ಸಿ ಕೋಡ್ ಕರಿಯೋ ಸಿಟೈಪ್ಸ್ ಲೈಬ್ರರಿಯ ಸ್ಟ್ರಿಂಗ್ ಬಫರ್ ಅದ ಅಲ್ರಿ, ಅದರ 'ವ್ಯಾಲ್ಯೂ' ಕೇಳಿದ್ರ ಮೊದಲ ಸೊನ್ನೆ ತನಕ ಅಷ್ಟೇ ಕೊಡ್ತದ. 'ರಾ' ಕೇಳಿದ್ರ ಪೂರ್ತಿ ಬಫರ್ ಕೊಡ್ತದ. ಸಿ ಫಂಕ್ಷನ್ ಪಾಯಿಂಟರ್ ತಿರುಗಿ ಕೊಟ್ಟಿದ್ರ 'ಸ್ಟ್ರಿಂಗ್_ಅಟ್'ಗೆ ಉದ್ದ ಹೇಳಿ ತಗೋಬೇಕು. ಸಿ ಕಡೆಯಿಂದ ಬರಿಯೋರು ಪೈಬೈಟ್ಸ್_ಫ್ರಮ್‌ಸ್ಟ್ರಿಂಗ್‌ಆ್ಯಂಡ್‌ಸೈಜ್ ಹಚ್ಚಬೇಕು. ರೂಬಿಯಾಗ ಆರ್‌ಬಿ_ಎಸ್‌ಟಿಆರ್_ನ್ಯೂ ಉದ್ದ ಕೇಳ್ತದ, ಅದರ ಸಿಎಸ್‌ಟಿಆರ್ ಅಣ್ಣತಮ್ಮ ಕೇಳಂಗಿಲ್ಲ. ಎಲ್ಲಾ ಭಾಷಾದಾಗೂ ಇಂಥಾ ಜೋಡಿ ಇದ್ದೇ ಇರ್ತದ. ಬೈನರಿ ಡೇಟಾ ಅಂದ್ರ ಉದ್ದ ಕೇಳೋ ಫಂಕ್ಷನ್ ಹುಡುಕಬೇಕು.

23050 ನನಗೂ ತಿಳೀವಲ್ದು. ಅದರಾಗ ರೀಡ್ 6 ಅಂತ ಅದ. ಅಂದ್ರ ಅದು ನಿಮ್ಮ ಸಿ ಕೋಡಿಗೆ ಬರೋ ಮೊದಲೇ ಕಳದ್ಹೋಗ್ಯದ.

ಕುಷ್ಟಗಿ ವಿದ್ಯಾರ್ಥಿನಿ · ಬುಧವಾರ ಬೆಳಿಗ್ಗೆ 7:20

ನಾನು ಇಂಜಿನಿಯರಿಂಗ್ ಮೂರನೇ ವರ್ಷದಾಗ ಇದೀನಿ. ಓದಿ ಭಾಳ ಖುಷಿ ಆತು, ಒಂದು ಸಂಶಯ ಅಣ್ಣಾರ. ಸಿ ಸ್ಟ್ರಿಂಗ್ ಸೊನ್ನೆಗೆ ನಿಲ್ತೈತಿ ಅನ್ನೋದು ಗೊತ್ತು. ಆದ್ರ ಲುವಾನೂ ಸಿ ಒಳಗ ಬರದಿರೋದು ಅಲ್ಲಾ? ಮತ್ತ ಲುವಾ ಸ್ಟ್ರಿಂಗ್ ಒಳಗ ಸೊನ್ನೆ ಹೆಂಗ ಉಳಿತೈತಿ? ಅಲ್ಲಿಂದ ತಿರುಗಿ ಸಿಗೆ ಬರಬೇಕಾದ್ರ ಮತ್ತ ಕತ್ತರಿಸಂಗಿಲ್ಲೇನು?

ಸಿರುಗುಪ್ಪ ಸಿ · ಬುಧವಾರ ಬೆಳಿಗ್ಗೆ 8:10

ಒಳ್ಳೇ ಪ್ರಶ್ನೆ ತಂಗಿ. ನಮ್ಮ ಕಡೆ ನೆಲ್ಲು ಎಣಿಸೋದನ್ನ ನೋಡಿರ್ತೀಯ, ಅದರಿಂದಲೇ ಹೇಳ್ತೀನಿ. ಹಮಾಲರು ಸಾಲಾಗಿ ಚೀಲ ಇಟ್ಟಿದ್ದಾರೆ. ಎಣಿಸೋಕೆ ಎರಡು ದಾರಿ. ಒಂದು, ಮೊದಲಿಂದ ಎಣಿಸ್ತಾ ಹೋಗು, ಖಾಲಿ ಚೀಲ ಸಿಕ್ಕಲ್ಲಿಗೆ ಸಾಲು ಮುಗೀತು. ಇದು ಸಿ. ಸಾಲಿನ ನಡುವೆ ಯಾರೋ ಒಂದು ಖಾಲಿ ಚೀಲ ಇಟ್ಟಿದ್ರೆ ಅದರ ಆಚೆ ಇರೋದು ನಿನ್ನ ಲೆಕ್ಕಕ್ಕೇ ಬರೋದಿಲ್ಲ. ಇನ್ನೊಂದು, ಸಾಲಿನ ಮುಂದೆ "7 ಚೀಲ" ಅಂತ ಚೀಟಿ ಅಂಟಿಸಿರೋದು. ಚೀಲ ತುಂಬಿರಲಿ, ಖಾಲಿ ಇರಲಿ, ಏಳು ಅಂದ್ರೆ ಏಳು. ಇದು ಲುವಾ.

ಲುವಾ ಬರೆದಿರೋದು ಸಿನಲ್ಲೇ. ಆದ್ರೆ ಅದರ ಸ್ಟ್ರಿಂಗ್ ಒಂದು ಸ್ಟ್ರಕ್ಚರ್, ಅದರೊಳಗೆ ಉದ್ದ ಬೇರೆಯಾಗಿ ಬರೆದಿಟ್ಟಿರುತ್ತೆ. ಹಾಗಾಗಿ ಲುವಾ ಸ್ಟ್ರಿಂಗ್‌ನಲ್ಲಿ ಚಿತ್ರ, ಆಡಿಯೋ, ಸೀರಿಯಲ್ ಫ್ರೇಮ್ ಏನು ಬೇಕಾದ್ರೂ ಇಡಬಹುದು. ಚೀಟಿ ಹರಿದುಹೋಗೋದು ಗಡಿ ದಾಟೋವಾಗ ಮಾತ್ರ, ಅಂದ್ರೆ ಸಿಯಿಂದ ಲುವಾಗೆ, ಲುವಾದಿಂದ ಸಿಗೆ.

ತಿರುಗಿ ಬರೋವಾಗಲೂ ಕತ್ತರಿಸುತ್ತಾ ಅಂದ್ಯಲ್ಲ, ನಾವು ಎಚ್ಚರ ತಪ್ಪಿದ್ರೆ ಹೌದು. ಲುವಾ_ಟುಸ್ಟ್ರಿಂಗ್ ಹಚ್ಚಿ ಪಾಯಿಂಟರ್ ತಗೊಂಡು ಎಸ್‌ಟಿಆರ್‌ಲೆನ್ ಕೇಳಿದ್ರೆ ಮತ್ತೆ ಖಾಲಿ ಚೀಲದ ಲೆಕ್ಕಕ್ಕೇ ಬಂದ್ವಿ. ಲುವಾ_ಟುಎಲ್‌ಸ್ಟ್ರಿಂಗ್ ಅಥವಾ ಲುವಾಎಲ್_ಚೆಕ್‌ಎಲ್‌ಸ್ಟ್ರಿಂಗ್ ಹಚ್ಚಿದ್ರೆ ಪಾಯಿಂಟರ್ ಜೊತೆ ಉದ್ದನೂ ಕೊಡುತ್ತೆ. ಕೊನೆಗೆ ಒಂದು ಸೊನ್ನೆ ಬೈಟನ್ನ ಲುವಾ ತಾನೇ ಸೇರಿಸಿಡುತ್ತೆ, ಆದ್ರೆ ನಡುವೆ ಇನ್ನೆಷ್ಟು ಸೊನ್ನೆ ಇದ್ದಾವೋ ಆ ಕೊನೇ ಸೊನ್ನೆ ಹೇಳೋದಿಲ್ಲ.

ಇಲ್ಲಿ ಇನ್ನೊಂದು ಮಾತು. ಆ ಪಾಯಿಂಟರ್ ತೋರಿಸೋದು ಲುವಾದ ಸ್ವಂತ ಮೆಮೊರಿ. ಆ ಸ್ಟ್ರಿಂಗ್ ಸ್ಟ್ಯಾಕ್ ಮೇಲೆ ಇರೋ ತನಕ ಮಾತ್ರ ಅದನ್ನ ನಂಬಬಹುದು. ಸ್ಟ್ಯಾಕ್‌ನಿಂದ ಇಳಿಸಿದ ಮೇಲೆ ಗಾರ್ಬೇಜ್ ಕಲೆಕ್ಟರ್ (ಬೇಡದ ಮೆಮೊರಿ ತೆಗೆಯೋ ಲುವಾದ ಭಾಗ) ಯಾವಾಗ ಬಂದು ಎತ್ತಿಕೊಂಡು ಹೋಗುತ್ತೋ ಹೇಳೋಕಾಗಲ್ಲ. ಮುಂದಕ್ಕೆ ಬೇಕಂದ್ರೆ ನಿನ್ನ ಬಫರ್‌ಗೆ ನಕಲು ಮಾಡ್ಕೋ. ಆ ಜಾಗದಲ್ಲಿ ಬರೀಲೇಬಾರದು, ಲುವಾ ಸ್ಟ್ರಿಂಗ್ ಒಂದು ಸಲ ಹುಟ್ಟಿದ ಮೇಲೆ ಬದಲಾಗೋದಲ್ಲ. ಒಂದೇ ಸ್ಟ್ರಿಂಗನ್ನ ಹತ್ತು ಕಡೆ ಹಂಚಿಕೊಂಡಿರಬಹುದು, ನೀನು ಒಂದು ಕಡೆ ತಿದ್ದಿದ್ರೆ ಹತ್ತೂ ಕೆಡುತ್ತೆ.

ಕುಷ್ಟಗಿ ವಿದ್ಯಾರ್ಥಿನಿ · ಬುಧವಾರ ಬೆಳಿಗ್ಗೆ 8:25

ಖಾಲಿ ಚೀಲದ ಲೆಕ್ಕ ತಲಿಗೆ ಹತ್ತಿತು ಅಣ್ಣಾ. ನಮ್ಮಪ್ಪಾಜಿ ಸಾಲು ಎಣಿಸಿದ ಮ್ಯಾಲ ಕಲ್ಲಿನ ಮ್ಯಾಲ ಇದ್ದಲಿಯಿಂದ ಅಂಕಿ ಬರದಿಡ್ತಾರ. ಅದ ಉದ್ದ ಅಂದಂಗಾತು.

ಕಾರಟಗಿ ಕಾಟಾ · ಬುಧವಾರ ರಾತ್ರಿ 9:15

ಪುಶ್‌ಎಲ್‌ಸ್ಟ್ರಿಂಗ್ ಹಾಕಿದೆ. ಮೊದಲು ಉದ್ದದ ಜಾಗದಾಗ ಬಫರ್‌ನ ಸೈಜ್‌ಆಫ್ (ಪೂರ್ತಿ ಅಳತಿ) ಕೊಟ್ಟಿದ್ದೆ. ಲುವಾಕ್ಕ 64 ಬೈಟಿನ ಸ್ಟ್ರಿಂಗ್ ಹೋಗಿ ಎಲ್ಲಾ ಫ್ರೇಮೂ ತಿರಸ್ಕಾರ ಆದ್ವು. ಆಮ್ಯಾಲ ತಿಳೀತು, ಕೊಡಬೇಕಾದ್ದು ರೀಡ್ ತಿರುಗಿ ಕೊಟ್ಟ ಅಂಕಿ. ಈಗ 25600, 14080, 19210 ಮೂರೂ ಮಾಡಿ ನೋಡಿದ್ವಿ, ಮೂರೂ ಸರಿ ಬಂದ್ವು. ಭಾಳ ಉಪಕಾರ ಆತ್ರಿ ಇಬ್ಬರದೂ.

23050 ಮಾತ್ರ ಇನ್ನೂ ಹಂಗ ಐತಿ.

ಸಿರುಗುಪ್ಪ ಸಿ · ಬುಧವಾರ ರಾತ್ರಿ 9:40

ರೀಡ್ ಉತ್ತರವನ್ನ ನೇರ ಪುಶ್‌ಎಲ್‌ಸ್ಟ್ರಿಂಗ್‌ಗೆ ಕೊಡೋ ಮೊದಲು ಅದು ಸೊನ್ನೆಗಿಂತ ದೊಡ್ಡದಾ ಅಂತ ನೋಡ್ಲೇಬೇಕು. ತಪ್ಪಾದಾಗ ರೀಡ್ ಮೈನಸ್ ಒಂದು ಕೊಡುತ್ತೆ. ಪುಶ್‌ಎಲ್‌ಸ್ಟ್ರಿಂಗ್ ಕೇಳೋದು ಸೈಜ್_ಟಿ, ಅದಕ್ಕೆ ಮೈನಸ್ ಅನ್ನೋದೇ ಇಲ್ಲ. ಮೈನಸ್ ಒಂದು ಅಲ್ಲಿ ಅಳತೆಗೆ ಸಿಗದಷ್ಟು ದೊಡ್ಡ ಸಂಖ್ಯೆ ಆಗುತ್ತೆ, ಆ ಕ್ಷಣಕ್ಕೆ ಪ್ರೋಗ್ರಾಂ ಬೀಳುತ್ತೆ. ತಪ್ಪಾದಾಗ ನಿಲ್ (ಏನೂ ಇಲ್ಲ ಅನ್ನೋ ಲುವಾದ ಬೆಲೆ) ಮತ್ತು ದೋಷದ ಮಾತು ಎರಡನ್ನೂ ಲುವಾಗೆ ಹಿಂತಿರುಗಿಸಿ, ಲುವಾದ ಐಒ ಫಂಕ್ಷನ್‌ಗಳ ಪದ್ಧತಿ ಅದೇ.

5.3 ಇದೆಯಲ್ಲ, ತೂಕ ಬಿಡಿಸೋಕೆ ಸ್ಟ್ರಿಂಗ್.ಅನ್‌ಪ್ಯಾಕ್ ಬಳಸಿ. ಲಿಟಲ್ ಎಂಡಿಯನ್ (ಕೆಳಗಿನ ಬೈಟು ಮೊದಲು), ಎರಡು ಬೈಟು, ಸೈನ್ ಇಲ್ಲದ ಇಂಟಿಜರ್ ಅಂತ ಫಾರ್ಮ್ಯಾಟ್ ಕೊಟ್ರೆ ನೇರ ತೂಕ ಬರುತ್ತೆ. ಹಳೇ 5.1 ಇರೋರು ಸ್ಟ್ರಿಂಗ್.ಬೈಟ್ ಹಚ್ಚಿ 256ರಿಂದ ಗುಣಿಸ್ಕೋಬೇಕು. ಸಿ ಸ್ಟ್ರಕ್ಚರ್ ಮೇಲೆ ಬಫರನ್ನ ಹಂಗೇ ಹೊದಿಸಿ ಓದೋಕೆ ಹೋಗಬೇಡಿ. ಕಂಪೈಲರ್ ನಡುವೆ ಪ್ಯಾಡಿಂಗ್ (ಖಾಲಿ ಬೈಟು) ಸೇರಿಸುತ್ತೆ, ನಿಮ್ಮ ಏಳು ಬೈಟು ಅದರ ಎಂಟು ಬೈಟಿನ ಜೊತೆ ಹೊಂದೋದೇ ಇಲ್ಲ.

ಮಾನ್ವಿ ಜಿನ್ನಿಂಗ್ · ಗುರುವಾರ ಬೆಳಿಗ್ಗೆ 6:50

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಮ್ಮದು ಹತ್ತಿ ಜಿನ್ನಿಂಗ್, ಇಂಥದೇ ಕಾಟಾ. ರಾಸ್‌ಬೆರಿ ಪೈ ಮ್ಯಾಲ ಎರಡು ವರ್ಷ ಚಂದ ನಡೀತು. ಡೆಸ್ಕ್‌ಟಾಪಿಗೆ ಹಾಕಿದ ದಿನದಿಂದ ಅರ್ಧಕ್ಕರ್ಧ ತೂಕ ಮೈನಸ್ ಬರ್ಲಿಕತ್ತಾವ. ಕೋಡ್ ಒಂದಕ್ಷರ ಬದಲಿಸಿಲ್ಲ. ನಮ್ಮದು ಪುಶ್‌ಸ್ಟ್ರಿಂಗ್ ಅಲ್ಲ, ಸಿ ಒಳಗೇ ತೂಕ ಲೆಕ್ಕ ಹಾಕಿ ಅಂಕಿ ಕೊಡ್ತೀವಿ.

ರಾಯಚೂರು ಹತ್ತಿಗಂಟು · ಗುರುವಾರ ಬೆಳಿಗ್ಗೆ 7:30

ಬಫರ್ ಬರೇ 'ಚಾರ್' ಅಂತ ಅದ ಏನ್ರಿ? ಹಂಗಿದ್ರ ಅದೇ. ಪೈಯಾಗಿನ ಆರ್ಮ್ ಲಿನಕ್ಸ್‌ನಾಗ ಚಾರ್‌ಗೆ ಸೈನ್ ಇರಂಗಿಲ್ಲ, 0ರಿಂದ 255. ಇಂಟೆಲ್ ಡೆಸ್ಕ್‌ಟಾಪಿನಾಗ ಸೈನ್ ಇರ್ತದ, ಮೈನಸ್ 128ರಿಂದ 127. ಕೆಳಗಿನ ಬೈಟು 127 ದಾಟಿದ ಕೂಡಲೇ ಅದು ಮೈನಸ್ ಆಗ್ತದ, ಮ್ಯಾಲಿನ ಬೈಟಿನ ಜೊತಿ ಆರ್ ಮಾಡಿದ್ರ ಪೂರ್ತಿ ಸಂಖ್ಯೆನೇ ಮೈನಸ್. ಕೆಳಗಿನ ಬೈಟು ಅರ್ಧ ಸಲ 128ರ ಮ್ಯಾಲೇ ಇರ್ತದ, ಅದಕ್ಕೇ ಅರ್ಧಕ್ಕರ್ಧ. ಬೈಟಿನ ಬಫರ್ ಯಾವಾಗಲೂ 'ಅನ್‌ಸೈನ್ಡ್ ಚಾರ್' ಇರಬೇಕು. ಲುವಾಕ್ಕ ಕೊಡೋ ಮುಂದ ಚಾರ್ ಪಾಯಿಂಟರ್‌ಗೆ ಕ್ಯಾಸ್ಟ್ ಮಾಡಿದ್ರ ಸಾಕು.

ಮಾನ್ವಿ ಜಿನ್ನಿಂಗ್ · ಗುರುವಾರ ಬೆಳಿಗ್ಗೆ 8:40

ಬದಲಿಸಿದೆ, ಸರಿ ಆತು. ಒಂದು ತಿಂಗಳಿಂದ ಕೈಯಿಂದ ಚೀಟಿ ಬರೀತಿದ್ವಿ. ದೇವರು ನಿಮ್ಮನ್ನ ಚಂದ ಇಟ್ಟಿರ್ಲಿ.

ಸಂಡೂರು ಸೀರಿಯಲ್ · ಗುರುವಾರ ಸಂಜೆ 6:30

ನಾನು ಅದಿರಿನ ಕಾಟಾಗಳ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವವನು. ಕಾರಟಗಿಯವರೇ, ನಿಮಗೆ ಒಂದು ಪ್ರಶ್ನೆ. ಖಾಲಿ ಟ್ರ್ಯಾಕ್ಟರ್, ಟ್ರೇಲರ್ ಸಮೇತ, ಕಾಟಾ ಹತ್ತಿದಾಗ ಪ್ರೋಗ್ರಾಂ ಪೂರ್ತಿ ನಿಂತುಬಿಡುತ್ತದೆಯೇ? ಅದೂ ಎಲ್ಲ ಟ್ರ್ಯಾಕ್ಟರ್ ಅಲ್ಲ, 4,870ರಿಂದ 5,110 ಕೆಜಿ ಒಳಗಿನವು ಮಾತ್ರ?

ಕಾರಟಗಿ ಕಾಟಾ · ಗುರುವಾರ ಸಂಜೆ 7:05

ಸರ್! ಹೌದ್ರೀ ಸರ್! ಇದನ್ನ ನಾನು ಇಲ್ಲಿ ಬರದೂ ಇಲ್ಲ. ಕೇಬಲ್ ಎರಡು ಸಲ ಬದಲಿಸಿದ್ದು ಇದಕ್ಕ. ಟ್ರ್ಯಾಕ್ಟರ್ ಬಂದಾಗ ಪ್ರೋಗ್ರಾಂ ಕಲ್ಲಾಗಿ ನಿಲ್ತೈತಿ. ಅಡಾಪ್ಟರ್ ಕಿತ್ತು ಮತ್ತ ಚುಚ್ಚಿ ಪ್ರೋಗ್ರಾಂ ಶುರು ಮಾಡಿದ್ರ ನಡೀತೈತಿ. ಅದಕ್ಕ ಕನೆಕ್ಟರ್ ಲೂಸ್ ಅಂತ ತಿಳಿದಿದ್ವಿ. ಹುಡುಗನ ನೋಟ್‌ಬುಕ್‌ನಾಗ ನಿಂತಾಗಿನ ತೂಕ 4980, 5020, 4890 ಅಂತ ಅದಾವ. ನಿಮಗ ಹೆಂಗ ಗೊತ್ತಾತು?

ಸಂಡೂರು ಸೀರಿಯಲ್ · ಗುರುವಾರ ರಾತ್ರಿ 8:20

ನಿಮ್ಮ 23050 ಹೇಳಿತು. ಕೆಳಗಿನ ಬೈಟು 10, ಮೇಲಿನದು 90. ಚೆಕ್‌ಸಮ್: 65 ಎಕ್ಸಾರ್ 10 ಅಂದರೆ 75, 75 ಎಕ್ಸಾರ್ 90 ಅಂದರೆ 17. ನಿಮ್ಮ ಸ್ಟ್ರೇಸ್‌ನಲ್ಲಿ ಕಾಣೆಯಾಗಿರುವ ಬೈಟು ಸರಿಯಾಗಿ ಅದೇ 17.

ಲಿನಕ್ಸ್‌ಗೆ ಸೀರಿಯಲ್ ಪೋರ್ಟ್ ಎಂದರೆ ಮೊದಲು ಟರ್ಮಿನಲ್, ಅಂದರೆ ಆ ಕಡೆ ಒಬ್ಬ ಮನುಷ್ಯ ಕೀಬೋರ್ಡ್ ಒತ್ತುತ್ತಿದ್ದಾನೆ ಎಂಬ ಊಹೆ. ಆ ಕಾಲದ ರೂಢಿಯಲ್ಲಿ 19 ಎಂದರೆ ಕಳಿಸುವುದು ನಿಲ್ಲಿಸು, 17 ಎಂದರೆ ಮತ್ತೆ ಕಳಿಸು. ಎಕ್ಸ್‌ಆಫ್, ಎಕ್ಸ್‌ಆನ್ ಎನ್ನುತ್ತಾರೆ. ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಸ್ ಒತ್ತಿದರೆ ಪರದೆ ನಿಲ್ಲುತ್ತದಲ್ಲ, ಅದು ಈ 19. ಪೋರ್ಟಿನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಇದು ಚಾಲ್ತಿಯಲ್ಲಿರುತ್ತದೆ. ಒಳಗೆ ಬರುವ 17 ಮತ್ತು 19ನ್ನು ಕರ್ನೆಲ್ ತನಗೆ ಬಂದ ಆದೇಶ ಎಂದು ತಿಳಿದು ನುಂಗುತ್ತದೆ, ನಿಮ್ಮ ರೀಡ್‌ವರೆಗೆ ಬಿಡುವುದಿಲ್ಲ.

ಈಗ ಟ್ರ್ಯಾಕ್ಟರ್. 10 ಕೆಜಿ ಮೆಟ್ಟಿಲಿನಲ್ಲಿ ಕೆಳಗಿನ ಬೈಟು ಯಾವಾಗಲೂ ಸಮಸಂಖ್ಯೆ, ಆದ್ದರಿಂದ ಅಲ್ಲಿ 17, 19 ಬರುವುದೇ ಇಲ್ಲ. ಮೇಲಿನ ಬೈಟಿನಲ್ಲಿ ಬರುತ್ತದೆ. ಮೇಲಿನ ಬೈಟು 17 ಎಂದರೆ ತೂಕ 4,352ರಿಂದ 4,607. ಆಗ ಒಂದು ಬೈಟು ಕಳೆದು ಫ್ರೇಮ್ ಆರಕ್ಕೆ ಇಳಿಯುತ್ತದೆ, ನಿಮ್ಮ ಪ್ರೋಗ್ರಾಂ ಹಳೆಯ ತೂಕ ತೋರಿಸುತ್ತದೆ. ಮೇಲಿನ ಬೈಟು 19 ಎಂದರೆ 4,864ರಿಂದ 5,119. ಆಗ ಬೈಟು ಕಳೆಯುವುದಷ್ಟೇ ಅಲ್ಲ, ಕರ್ನೆಲ್ ನಿಮ್ಮ ಕಡೆಯಿಂದ ಹೊರಗೆ ಹೋಗುವುದನ್ನೂ ನಿಲ್ಲಿಸುತ್ತದೆ. ನೀವು ಮುಂದಿನ ಸಲ 5 ಕಳಿಸಿದಿರಿ ಎಂದುಕೊಳ್ಳುತ್ತೀರಿ, ಅದು ತಂತಿಗೆ ಇಳಿದೇ ಇರುವುದಿಲ್ಲ. ಇಂಡಿಕೇಟರ್‌ಗೆ ಪ್ರಶ್ನೆ ತಲುಪಿಲ್ಲ, ಅದು ಸುಮ್ಮನಿದೆ, ನಿಮ್ಮ ರೀಡ್ ಕಾಯುತ್ತಲೇ ಇದೆ. ಅಡಾಪ್ಟರ್ ಕಿತ್ತು ಹಾಕಿದಾಗ ಪೋರ್ಟ್ ಹೊಸದಾಗಿ ತೆರೆಯುವುದರಿಂದ ಆ ತಡೆ ಹೋಗುತ್ತದೆ.

19 ಎಂಬ ಅಂಕಿ ತುಂಗಭದ್ರೆಯ ನೀರು ಕುಡಿಯುವ ನಮಗೆ ಯಾರಿಗೂ ಮರೆಯುವಂಥದ್ದಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದೇ ಸರಪಳಿ ತುಂಡಾಗಿ ಕೊಚ್ಚಿಹೋಗಿದ್ದು. ಅಲ್ಲಿ ಗೇಟು ಹೋಗಿ ನೀರು ನಿಲ್ಲಲಿಲ್ಲ, ಇಲ್ಲಿ 19 ಬಂದು ಗೇಟು ಬೀಳುತ್ತದೆ. ಹೀಗೆ ಅಂದುಕೊಂಡರೆ ಅಂಕಿ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ಇದೆ. 13 ಬಂದರೆ ಅದನ್ನು 10 ಮಾಡಿ ಕೊಡುವ ಸೆಟ್ಟಿಂಗೂ ಮಾಮೂಲಿಯಾಗಿ ಚಾಲ್ತಿಯಲ್ಲಿರುತ್ತದೆ. ಮೇಲಿನ ಬೈಟು 13 ಎಂದರೆ 3,328ರಿಂದ 3,583. ಅದು 10 ಆದರೆ 768 ಕೆಜಿ ಕಡಿಮೆ ಕಾಣುತ್ತದೆ. ಉದ್ದ ಸರಿಯಾಗಿಯೇ ಇರುವುದರಿಂದ ಚೆಕ್‌ಸಮ್ ನೋಡದಿದ್ದರೆ ಇದು ಸಿಗುವುದೇ ಇಲ್ಲ. ನೀವು ನೋಡುತ್ತಿದ್ದೀರಿ, ಒಳ್ಳೆಯದು ಮಾಡಿದಿರಿ.

ನಿಮ್ಮ ಪೋರ್ಟ್ ತೆರೆಯುವ ಕೋಡಿನಲ್ಲಿ ಎಲ್‌ಫ್ಲ್ಯಾಗ್ (ಕಂಟ್ರೋಲ್-ಸಿಯಂಥ ಕೀಬೋರ್ಡ್ ರೂಢಿಗಳ ಸೆಟ್ಟಿಂಗ್) ಸೊನ್ನೆ ಮಾಡಿ ಐಫ್ಲ್ಯಾಗ್ (ಒಳಗೆ ಬರುವ 17, 19, 13ರ ಸೆಟ್ಟಿಂಗ್) ಹಾಗೇ ಬಿಟ್ಟಿದ್ದೀರಿ ಎಂದು ನನ್ನ ಅಂದಾಜು. ಎಲ್‌ಫ್ಲ್ಯಾಗ್ ಬಿಟ್ಟಿದ್ದರೆ ಕೊನೆಯ 3 ಕೂಡ ಕಂಟ್ರೋಲ್-ಸಿ ಆಗಿ ನುಂಗಿಹೋಗುತ್ತಿತ್ತು, ಆಗ ಒಂದು ಫ್ರೇಮೂ ಬರುತ್ತಿರಲಿಲ್ಲ. ಒಂದೊಂದೇ ಫ್ಲ್ಯಾಗ್ ಹುಡುಕುವುದು ಬೇಡ, ಸಿಎಫ್‌ಮೇಕ್‌ರಾ ಎಂಬ ಒಂದು ಕರೆ ಇವೆಲ್ಲವನ್ನೂ ತೆಗೆಯುತ್ತದೆ. ಅದಾದ ಮೇಲೆ ವೇಗ, ವಿಮಿನ್, ವಿಟೈಮ್ (ರೀಡ್ ಎಷ್ಟು ಬೈಟಿಗೆ, ಎಷ್ಟು ಹೊತ್ತು ಕಾಯಬೇಕು ಎಂಬುದು) ಇಟ್ಟುಕೊಳ್ಳಿ.

ಇಷ್ಟು ತಾಂತ್ರಿಕ ಮಾತಾಯಿತು. ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ, ವಯಸ್ಸಿನಲ್ಲಿ ಹಿರಿಯನೆಂದು ತಿಳಿದು ಬೇಸರಿಸಬೇಡಿ. "ಉದ್ದ ಸರಿ ಇಲ್ಲದಿದ್ದರೆ ಹಳೆಯ ತೂಕ" ಎಂಬ ಆ ಸಾಲನ್ನು ಇವತ್ತೇ ತೆಗೆಯಿರಿ. ಸೊನ್ನೆ ಬೈಟು ತಪ್ಪಿದ್ದು ತಿಳಿವಳಿಕೆಯ ಕೊರತೆ, ಯಾರಿಗೂ ಆಗುತ್ತದೆ. ಆದರೆ ಅದನ್ನು ರೈತನ 24 ಚೀಲ ಮಾಡಿದ್ದು ಈ ಸಾಲು. ತೂಕ ಬರದಿದ್ದರೆ "ತೂಕ ಬಂದಿಲ್ಲ" ಎಂದು ದೊಡ್ಡದಾಗಿ ತೋರಿಸಿ, ಚೀಟಿ ಬಟನ್ ಕೆಲಸ ಮಾಡಬಾರದು. ಕಾಟಾಕ್ಕೆ ಪ್ರತಿ ವರ್ಷ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ತೂಕದ ಕಲ್ಲಿಟ್ಟು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಆ ಮುದ್ರೆ ಇರುವುದು ಕೆಂಪು ಅಂಕಿಗೆ. ಕೆಂಪು ಅಂಕಿಯಿಂದ ಚೀಟಿಯವರೆಗಿನ ದಾರಿಗೆ ಮುದ್ರೆ ಹಾಕುವವರು ಯಾರೂ ಇಲ್ಲ, ಅಲ್ಲಿ ಇರುವುದು ನೀವೊಬ್ಬರೇ.

ಕಾರಟಗಿ ಕಾಟಾ · ಗುರುವಾರ ರಾತ್ರಿ 9:00

ಬೇಸರ ಇಲ್ರೀ ಸರ್. ಆ ಸಾಲು ಈಗ ತಗದೆ. ಎಲ್‌ಫ್ಲ್ಯಾಗ್ ಅಂದಾಜೂ ಖರೆ, ಎಲ್ಲೋ ನೋಡಿ ಆ ಒಂದು ಸಾಲು ಅಷ್ಟ ಎತ್ತಿಕೊಂಡಿದ್ದೆ.

ರಾಯಚೂರು ಹತ್ತಿಗಂಟು · ಗುರುವಾರ ರಾತ್ರಿ 9:20

ಒಂದು ಸೇರಸ್ತೀನಿ. ಲಾರಿ ಬರ್ಲಿ ಅಂತ ಕಾಯಬ್ಯಾಡ್ರಿ, ಚೀಲ ಏರಿಸಿ ಇಳಿಸಿ ಹಮಾಲರನ್ನೂ ದಣಿಸಬ್ಯಾಡ್ರಿ. ಸೋಕ್ಯಾಟ್ ಅನ್ನೋ ಪ್ರೋಗ್ರಾಂ ಹಚ್ಚಿದ್ರ ಸುಳ್ಳು ಸೀರಿಯಲ್ ಪೋರ್ಟಿನ ಜೋಡಿ ಸಿಗ್ತದ. ಒಂದು ತುದೀಗೆ ನಿಮ್ಮ ಪ್ರೋಗ್ರಾಂ, ಇನ್ನೊಂದು ತುದೀಗೆ ಇಂಡಿಕೇಟರ್ ಹಂಗ ಉತ್ತರ ಕೊಡೋ ಸಣ್ಣ ಸ್ಕ್ರಿಪ್ಟ್. 0ರಿಂದ 60,000 ಕೆಜಿ ತನಕ 10 ಕೆಜಿಗೆ ಒಂದರಂತೆ 6,001 ಫ್ರೇಮ್ ಕಳಿಸ್ರಿ, ಕಳಿಸಿದ್ದೂ ಬಂದದ್ದೂ ಒಂದೇ ಏನು ನೋಡ್ರಿ. ಅದೂ ಟರ್ಮಿನಲ್ ದಾರಿನೇ ಆದ್ದರಿಂದ 17, 19, 13 ಎಲ್ಲಾ ಅಲ್ಲೇ ಸಿಕ್ಕಿ ಬೀಳ್ತಾವ. ಸ್ಟೇಟಸ್ ಬೈಟು 64 ಒಂದೇ ಇಟ್ಟು ಬಿಡಬ್ಯಾಡ್ರಿ, ತೂಕ ಅಲುಗಾಡೋವಾಗ ಬರೋ ಸ್ಟೇಟಸ್ಸೂ ಹಾಕ್ರಿ, ಚೆಕ್‌ಸಮ್ ಬ್ಯಾರೆ ಆಗ್ತದ.

ಸಂಡೂರು ಸೀರಿಯಲ್ · ಗುರುವಾರ ರಾತ್ರಿ 9:45

ಸರಿಯಾದ ಮಾತು. ಫ್ರೇಮಿನ ಶುರು ಹುಡುಕುವಾಗಲೂ ಜಾಗ್ರತೆ. 2 ಎಂಬುದು ಶುರುವಿನ ಗುರುತು ನಿಜ, ಆದರೆ ತೂಕದ ಬೈಟೂ 2 ಆಗಬಹುದು. 2 ಕಂಡಲ್ಲೆಲ್ಲ ಫ್ರೇಮ್ ಶುರುವಾಯಿತು ಎನ್ನಬೇಡಿ. 2 ಇದೆ, ಅಲ್ಲಿಂದ ಏಳನೆಯದು 3 ಇದೆ, ಚೆಕ್‌ಸಮ್ ಕೂಡುತ್ತದೆ, ಮೂರೂ ಹೊಂದಿದರೆ ಮಾತ್ರ ಫ್ರೇಮ್. ಇಲ್ಲದಿದ್ದರೆ ಒಂದು ಬೈಟು ಬಿಟ್ಟು ಮುಂದಿನಿಂದ ನೋಡಿ.

ಕಾರಟಗಿ ಕಾಟಾ · ಭಾನುವಾರ ರಾತ್ರಿ 10:10

ಮೂರು ದಿನ ಬರೀಲಿಕ್ಕೆ ಆಗಲಿಲ್ಲ, ಸುಗ್ಗಿ ಗದ್ದಲ.

ಸಿಎಫ್‌ಮೇಕ್‌ರಾ ಹಾಕಿದೆ. ಬಫರ್ ಅನ್‌ಸೈನ್ಡ್ ಮಾಡಿದೆ. ರೀಡ್ ಸೊನ್ನೆ ಅಥವಾ ಮೈನಸ್ ಬಂದ್ರ ನಿಲ್. ಸೋಕ್ಯಾಟ್ ಹಚ್ಚಿ 6,001 ಫ್ರೇಮ್ ಕಳಿಸಿದೆ. ಮೊದಲು ಹಳೇ ಕೋಡಿಗೆ ಕಳಿಸಿ ನೋಡಿದೆ, 10 ಕೆಜಿಯಿಂದ 250 ತನಕ ಮ್ಯಾಲಿನ ಬೈಟು ಸೊನ್ನೆ, ಒಂದೂ ಹೊಂದಲಿಲ್ಲ, ಆಮ್ಯಾಲೂ ಅಲ್ಲಲ್ಲಿ ತಪ್ಪಿತು. ಹೊಸ ಕೋಡಿಗೆ ಕಳಿಸಿದಾಗ 6,001ಕ್ಕ 6,001 ಹೊಂದಿದ್ವು. ಆ ಅಂಕಿ ನೋಡಿ ಎದ್ದು ಹೊರಗ ಹೋಗಿ ಒಂದು ಚಾ ಕುಡದು ಬಂದು ಮತ್ತೊಮ್ಮೆ ನಡೆಸಿದೆ. ಅಷ್ಟ ಬಂತು.

ಆಮ್ಯಾಲ ಈ ಹಂಗಾಮಿನ ರಿಜಿಸ್ಟರ್ ತಗದು ಕುಂತೆ. ಒಂದರ ಹಿಂದ ಒಂದು ಬಂದ ಎರಡು ಬ್ಯಾರೆ ಗಾಡಿಗೆ ಒಂದ ತೂಕ ಬಿದ್ದಿರೋ ಚೀಟಿ ಹುಡುಕಿದೆ. 31 ಸಿಕ್ಕಾವ. ಕೆಲವು ನಿಜವಾಗಿ ಒಂದ ತೂಕ ಇರಬಹುದು. ಆದ್ರ ಅಷ್ಟೂ ಚೀಟಿ ಮಾಲೀಕರ ಮುಂದ ಇಟ್ಟೆ. ಖಾಲಿ ಟ್ರ್ಯಾಕ್ಟರ್‌ಗೆ ಲಾರಿ ತೂಕ ಬಿದ್ದಿದ್ದು ಅವತ್ತ ಗೊತ್ತಾಗಿ ಸರಿ ಮಾಡಿದ್ವು, ಅವನ್ನ ಬಿಟ್ರ 19 ಉಳದ್ವು. ಚೀಲದ ಎಣಿಕಿ ಪುಸ್ತಕ ಬ್ಯಾರೆ ಐತಿ, ಹಮಾಲರ ಕೂಲಿಗೆ ಅಂತ ಬರದಿಡ್ತಾರ. ಅದಕ್ಕ ಹಚ್ಚಿ ನೋಡಾಕತ್ತೀವಿ. ಇಲ್ಲೀತನಕ ಏಳು ಮಂದಿಗೆ ಕಡಿಮಿ ಬಿದ್ದಿದ್ದು ಖಾತ್ರಿ ಆಗೈತಿ. ಮಾಲೀಕರು ಫೋನ್ ಮಾಡಿ ಕರಸಾಕತ್ತಾರ.

ಕುಷ್ಟಗಿ ವಿದ್ಯಾರ್ಥಿನಿ · ಭಾನುವಾರ ರಾತ್ರಿ 10:30

ಅಣ್ಣಾ, ಆ 6,001 ಫ್ರೇಮ್ ಕಳಿಸೋ ಸ್ಕ್ರಿಪ್ಟ್ ಇಲ್ಲಿ ಹಾಕ್ತೀರೇನು? ನಮ್ಮ ಪ್ರಾಜೆಕ್ಟ್‌ನಾಗ ಮಣ್ಣಿನ ತೇವ ಅಳಿಯೋ ಸೆನ್ಸರ್ ಐತಿ. ಅದೂ ಬೈಟಿನಾಗ ಮಾತಾಡ್ತೈತಿ.

ಕಾರಟಗಿ ಕಾಟಾ · ಭಾನುವಾರ ರಾತ್ರಿ 10:45

ನಾಳೆ ಹಾಕ್ತೀನಿ ತಂಗಿ, ಕಾಮೆಂಟ್ ಕನ್ನಡದಾಗ ಬರದು ಹಾಕ್ತೀನಿ.

ಮತ್ತ ಸಂಡೂರು ಸರ್‌ಗೆ ಒಂದು ಹೇಳೋದಿತ್ತು. ಇವತ್ತು ಮುಂಜಾನೆ ಖಾಲಿ ಟ್ರ್ಯಾಕ್ಟರ್ ಒಂದು ಹತ್ತಿತು, ಕೆಂಪು ಅಂಕಿ 4980. ಕಾಟಾ ಹುಡುಗ ರೂಢಿ ಪ್ರಕಾರ ಅಡಾಪ್ಟರ್ ಮ್ಯಾಲ ಕೈ ಇಟ್ಟು ಕೀಳಾಕ ತಯಾರಾಗಿ ನಿಂತಿದ್ದ. ಅಷ್ಟೊತ್ತಿಗೆ ಪ್ರಿಂಟರ್ ಕಿರ್ರ್ ಅಂತು. ಚೀಟಿ ಹರದು ನೋಡಿದ, 4980.